ಹೊಟ್ಟೆಗೆ ಹಿಟ್ಟಿಲ್ಲದ ರಾಜ್ಯ ಚಿಟ್ಟೆ

ಕರ್ನಾಟಕಕ್ಕೆ ಒಂದು ರಾಜ್ಯ ಚಿಟ್ಟೆ ಇದೆ. ಬಹಳ ಜನರಿಗೆ ಗೊತ್ತಿಲ್ಲ. ಗೊತ್ತಿರಲೇಬೇಕಾದ ಕಚೇರಿಗಳಿಗಂತೂ ಗೊತ್ತಿಲ್ಲವೆಂಬುದು ಅವುಗಳ ಕೆಲಸ ನೋಡಿದರೇ ತಿಳಿಯುತ್ತದೆ. ಆನೆ, ನೀಲಕಂಠ, ಶ್ರೀಗಂಧ, ಕಮಲಗಳ ಸಾಲಿಗೆ ಸದರ್ನ್ ಬರ್ಡ್‌ವಿಂಗ್ ಎಂಬ ಪಾತರಗಿತ್ತಿಯನ್ನು ತಂದು ಕೂರಿಸಿದ್ದಾರೆ. ದೇಶದಲ್ಲಿ ಮೊದಲು ರಾಜ್ಯ ಚಿಟ್ಟೆ ಅಂತ ಘೋಷಿಸಿದ್ದು ಮಹಾರಾಷ್ಟ್ರ, 2015ರಲ್ಲಿ, ಬ್ಲೂ ಮಾರ್ಮನ್ ಚಿಟ್ಟೆಯನ್ನು. ನೆರೆಯವರು ಮಾಡಿದ ಮೇಲೆ ನಾವು ಬಿಡುತ್ತೇವೆಯೇ? ನಾವು ಬರ್ಡ್‌ವಿಂಗ್ ಆರಿಸಿಕೊಂಡೆವು, ಕೇರಳ ಮಲಬಾರ್ ಬ್ಯಾಂಡೆಡ್ ಪೀಕಾಕ್ ಆರಿಸಿಕೊಂಡಿತು. ಮೂರೂ ಸ್ವಾಲೋಟೇಲ್ ಕುಟುಂಬದವು. ಆಯ್ಕೆಯೇನೋ ಸೊಗಸಾಗಿದೆ. ನಮ್ಮದು ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ 14ರಿಂದ 19 ಸೆಂಟಿಮೀಟರ್. 1932ರಲ್ಲಿ ಅಳೆದ 190 ಮಿಲಿಮೀಟರಿನ ಒಂದು ಬರ್ಡ್‌ವಿಂಗ್ ಭಾರತದ ಅತಿ ದೊಡ್ಡ ಚಿಟ್ಟೆ ಎಂಬ ದಾಖಲೆಯನ್ನು ಹತ್ತಿರ ಹತ್ತಿರ ತೊಂಬತ್ತು ವರ್ಷ ಇಟ್ಟುಕೊಂಡಿತ್ತು. 2020ರಲ್ಲಿ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್ ಬರೀ ನಾಲ್ಕು ಮಿಲಿಮೀಟರ್ ಅಂತರದಲ್ಲಿ ಅದನ್ನು ಮುರಿಯಿತು. ಕಪ್ಪು ರೆಕ್ಕೆಯ ಕೆಳಗೆ ಬಂಗಾರದ ಹಳದಿ, ಕತ್ತಿನ ಬಳಿ ಕೆಂಪು. ನಾಡಬಾವುಟದ ಎರಡೂ ಬಣ್ಣ ಮೈಮೇಲೆ ಹೊತ್ತುಕೊಂಡು ಹಾರುತ್ತದೆ, ನವೆಂಬರ್ ಒಂದರ ಭಾಷಣಕ್ಕೆ ಇನ್ನೇನು ಬೇಕು.

ಪಟ್ಟ ಕಟ್ಟುವಾಗ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿದಂತಿಲ್ಲ. ಈ ಚಿಟ್ಟೆ ಏನು ತಿಂದು ಬೆಳೆಯುತ್ತದೆ?

ತಿನ್ನುವುದು ಈಶ್ವರಿ ಬಳ್ಳಿ. ದೊಡ್ಡದಾದ ಮೇಲೆ ದಾಸವಾಳವೋ ಲಂಟಾನವೋ, ಯಾವ ಹೂವಿನ ಮಧುವಾದರೂ ಅದಕ್ಕೆ ನಡೆಯುತ್ತದೆ. ಆದರೆ ಹುಳುವಾಗಿದ್ದಾಗ ಈಶ್ವರಿ ಬಳ್ಳಿ ಇಲ್ಲವೇ ಅದರ ಹತ್ತಿರದ ಬಂಧುಗಳು, ಕಾಡಿನ ನೆರಳಲ್ಲಿ ಬೆಳೆಯುವ ತೊಟ್ಟಿಯ ಎಂಬ ಪೊದೆಯಂಥವು, ಇಷ್ಟೇ. ಬೇರೆ ಎಲೆ ಮುಂದಿಟ್ಟರೆ ಹಸಿದು ಸಾಯುತ್ತದೆಯೇ ಹೊರತು ಬಾಯಿ ಹಾಕುವುದಿಲ್ಲ. ಈ ಬಳ್ಳಿ ಬೆಳೆಯುವುದು ಎಲ್ಲಿ? ಬೇಲಿಯ ಮೇಲೆ, ರಸ್ತೆ ಬದಿಯ ದರೆಯ ಮೇಲೆ, ಅಗಳಿನ ಅಂಚಿನಲ್ಲಿ, ಹಾಡಿಯ ಬಾಯಲ್ಲಿ. ಅಂದರೆ ನಾವು ‘ಕ್ಲೀನ್ ಮಾಡಬೇಕಾದ ಜಾಗ’ ಅಂತ ಗುರುತು ಹಾಕಿಕೊಂಡ ಎಲ್ಲ ಕಡೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಮ್ಮ ಹಿರಿಯರು ಯಾರನ್ನು ನೋಡಿ ಹೇಳಿದರೋ ತಿಳಿಯದು. ಈ ಚಿಟ್ಟೆಯ ಪಾಲಿಗೆ ಅಕ್ಷರಶಃ ನಡೆದಿರುವುದು ಅದೇ. ಜುಟ್ಟಿಗೆ ರಾಜ್ಯ ಚಿಟ್ಟೆ ಎಂಬ ಬಿರುದು, ಹೊಟ್ಟೆಯ ಎಲೆಗೆ ಬ್ರಷ್ ಕಟರ್.

ಬ್ರಷ್ ಕಟರ್ ನೋಡದ ಮಲೆನಾಡಿನವರು ಈಗ ಯಾರೂ ಇಲ್ಲ. ಮಳೆಗಾಲ ತಗ್ಗುತ್ತಿದ್ದಂತೆ ರಸ್ತೆಗೊಂದು, ವಿದ್ಯುತ್ ಲೈನಿಗೊಂದು ಜಂಗಲ್ ಕಟಿಂಗ್ ಶುರುವಾಗುತ್ತದೆ. ಬರ್ಡ್‌ವಿಂಗ್ ಹೆಚ್ಚು ಹಾರುವುದೂ, ಮೊಟ್ಟೆ ಇಡುವುದೂ ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ. 2020ರಿಂದ ಸೆಪ್ಟೆಂಬರ್ ತಿಂಗಳನ್ನು ದೇಶದ ಚಿಟ್ಟೆಪ್ರಿಯರೆಲ್ಲ ಬಿಗ್ ಬಟರ್‌ಫ್ಲೈ ಮಂತ್ ಅಂತ ಆಚರಿಸುತ್ತಾರೆ. ಎಣಿಸುತ್ತಾರೆ, ಫೋಟೋ ಹಾಕುತ್ತಾರೆ, ಶಾಲೆ ಮಕ್ಕಳಿಗೆ ಉಪನ್ಯಾಸ ಕೊಡುತ್ತಾರೆ. ಒಳಗೆ ಉಪನ್ಯಾಸ ನಡೆಯುತ್ತಿರುವಾಗ ಹೊರಗೆ ರಸ್ತೆಯಲ್ಲಿ ಕಟರ್ ಗುಂಯ್‌ಗುಡುತ್ತಿರುತ್ತದೆ. ಪಾತರಗಿತ್ತಿ ಪದ್ಯ ಬಾಯಿಪಾಠ ಮಾಡಿಸಿದ ಶಾಲೆಯ ಬೇಲಿಯನ್ನೇ ಬುಡಮಟ್ಟ ಸವರಿಸಿ, ‘ಸ್ವಚ್ಛ ಪರಿಸರ’ ಅಂತ ಬೋರ್ಡು ನೆಟ್ಟದ್ದೂ ಉಂಟು.

ನಮ್ಮ ತಾಲ್ಲೂಕಿನ ಒಂದು ಘಟ್ಟದ ರಸ್ತೆಯಲ್ಲಿ ದರೆಯ ಮೇಲೆ ಈಶ್ವರಿ ಬಳ್ಳಿಯ ಒಂದು ದೊಡ್ಡ ಹಬ್ಬು ಇತ್ತು. ಚಿಟ್ಟೆ ಫೋಟೋ ತೆಗೆಯುವವರಿಗೆ ಇಂಥ ಜಾಗ ಬಹಳ ಬೆಲೆಯದ್ದು. ಬರ್ಡ್‌ವಿಂಗ್ ಸಾಮಾನ್ಯವಾಗಿ ಮರದ ನೆತ್ತಿಯ ಮೇಲೆ ತೇಲುವಂಥದ್ದು, ಕತ್ತು ನೋಯುವಷ್ಟು ಮೇಲೆ ನೋಡಬೇಕು. ಹೂವಿಗೆ ಇಳಿದರೂ ಕೂತು ಕುಡಿಯುವುದಿಲ್ಲ, ಮುಂದಿನ ರೆಕ್ಕೆ ಬಡಿಯುತ್ತಲೇ ಇರುತ್ತದೆ. ಶಟರನ್ನು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕೆಳಗೆ ಇಳಿಸಿದಿರೋ, ಬರುವುದು ಮಸುಕು. ಆದರೆ ಮೊಟ್ಟೆ ಇಡುವ ಹೆಣ್ಣು ಕೆಳಗಿಳಿದು ಸೊಂಟದ ಎತ್ತರದಲ್ಲಿ ನಿಧಾನ ಹಾರುತ್ತದೆ. ಒಂದೊಂದೇ ಎಲೆಯ ಮೇಲೆ ಇಳಿದು ಮುಂಗಾಲಿನಿಂದ ತಟ್ಟಿ ನೋಡುತ್ತದೆ. ಎಲೆಯ ರುಚಿ ಅದಕ್ಕೆ ಗೊತ್ತಾಗುವುದು ಕಾಲಿನಿಂದ. ಹೌದು ಅನ್ನಿಸಿದರೆ ಹೊಟ್ಟೆ ಬಗ್ಗಿಸಿ ಎಲೆಯಡಿಗೆ ಒಂದೇ ಒಂದು ಮೊಟ್ಟೆ ಅಂಟಿಸಿ ಮುಂದೆ ಹೋಗುತ್ತದೆ. ಎಲೆ ತಿರುಗಿಸಿ ನೋಡಿದರೆ ಕಿತ್ತಳೆ ಬಣ್ಣದ ಗುಂಡು. ಅದರಿಂದ ಬಂದ ಹುಳು ಬೆಳೆದಾಗ ಕಡು ಕಂದುಗೆಂಪು ಮೈ, ಮೈತುಂಬ ಮೆತ್ತನೆ ಮುಳ್ಳು, ನಡುವೆ ಓರೆಯಾಗಿ ಎಳೆದ ಬಿಳಿ ಪಟ್ಟಿ. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದನ್ನು ಹೊರಗೆ ಚಾಚಿ ಕಮಟು ವಾಸನೆ ಬಿಡುತ್ತದೆ. ಸ್ವಾಲೋಟೇಲ್ ಹುಳುಗಳೆಲ್ಲವೂ ಹೀಗೇ, ಮನೆಯ ಕರಿಬೇವಿನ ಮೇಲಿನದ್ದೂ.

ಆ ದರೆಯನ್ನು ಒಂದು ಬೆಳಿಗ್ಗೆ ಬೋಳು ಮಾಡಿದ್ದರು. ಮಣ್ಣು ಕೆಂಪಗೆ ಕಾಣುತ್ತಿತ್ತು. ಕತ್ತರಿಸಿದ ಬಳ್ಳಿ ಚರಂಡಿಯಲ್ಲಿ ರಾಶಿ, ಎಲೆ ಆಗಲೇ ಬಾಡಿ ಮುದುಡಿತ್ತು. ಬಾಡಿದ ಎಲೆಯ ಮೇಲೆ ಹುಳುಗಳು ಇನ್ನೂ ಇದ್ದವು. ಒಂದೆರಡು ಚರಂಡಿ ಹತ್ತಿ ಟಾರಿನ ಮೇಲೆ ಹೊರಟಿದ್ದವು, ಯಾವ ಕಡೆಗೆ ಹೋಗಬೇಕೆಂದು ಗೊತ್ತಿಲ್ಲದೆ. ಆ ರಸ್ತೆಯಲ್ಲಿ ಟಿಪ್ಪರ್ ಓಡಾಟ ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಸ್ವಲ್ಪ ಮುಂದೆ ಕಟರ್ ಹಿಡಿದ ಹುಡುಗ ಸಿಕ್ಕ. ಗಾಡಿ ನಿಲ್ಲಿಸಿ ಜಗಳಕ್ಕೇ ಇಳಿದೆ.

“ನಂಗೇನ್ ಗೊತ್ತು ಸಾರ್, ಎರಡೂ ಕಡೆ ಕ್ಲೀನಾಗ್ಬೇಕು ಅಂದ್ರು. ಕಿಲೋಮೀಟರ್ ಲೆಕ್ಕ ನಮ್ದು. ಒಂದು ಬಳ್ಳಿ ಬಿಟ್ರೂ ಫೋಟೋದಾಗೆ ಕಾಣುತ್ತೆ, ಬಿಲ್ ಆಗಲ್ಲ ಅಂತಾರೆ” ಅಂದ.

ಅವನ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ. ದಿನಗೂಲಿಯ ಹುಡುಗ, ಕೈಯಲ್ಲಿ ಗ್ಲೌಸ್ ಕೂಡ ಇರಲಿಲ್ಲ. ಸಿಟ್ಟು ಆ ಬಿಲ್ಲಿನ ಮೇಲೆ. ತಿರುವಿನಲ್ಲಿ ಎದುರಿನ ಗಾಡಿ ಕಾಣಲಿ ಅಂತ ಗಿಡ ಸವರುವುದು ಬೇಕು, ಯಾರೂ ಬೇಡ ಅನ್ನುವುದಿಲ್ಲ. ತಂತಿಗೆ ತಾಗುವ ಕೊಂಬೆ ಕಡಿಯಲೇಬೇಕು, ಇಲ್ಲವಾದರೆ ಮಳೆಗಾಲ ಪೂರ್ತಿ ಕತ್ತಲೆ. ಆದರೆ ರಸ್ತೆಯಿಂದ ಎರಡು ಆಳು ಎತ್ತರದ ದರೆಗೆ ಒತ್ತಿಕೊಂಡು ಹಬ್ಬಿದ ಬೆರಳು ದಪ್ಪದ ಬಳ್ಳಿ ಯಾವ ಡ್ರೈವರಿನ ಕಣ್ಣಿಗೆ ಅಡ್ಡ ಬರುತ್ತದೆ? ಮಣ್ಣು ಹಿಡಿದುಕೊಂಡಿದ್ದ ಬೇರುಗಳನ್ನು ಬೋಳಿಸಿ, ಮುಂದಿನ ಜೋರು ಮಳೆಗೆ ದರೆ ಕುಸಿದಾಗ ಜೆಸಿಬಿ ತರಿಸಿ, ಅದಕ್ಕೊಂದು ಬೇರೆ ಬಿಲ್ಲು ಮಾಡುವ ವ್ಯವಸ್ಥೆ ಇದು. ಇದರಲ್ಲಿ ದುರುದ್ದೇಶವಿದೆ ಅಂತಲೂ ನಾನು ಹೇಳುವುದಿಲ್ಲ. ದುರುದ್ದೇಶವಿದ್ದರೆ ಎದುರು ನಿಂತು ಹೋರಾಡಬಹುದಿತ್ತು. ಬರೀ ಬೇಜವಾಬ್ದಾರಿಗೆ ಮುಖವೇ ಇರುವುದಿಲ್ಲ. ಯಾರನ್ನು ಕೇಳಿದರೂ ಮೇಲಿನವರು ಹೇಳಿದ್ದು ಅನ್ನುತ್ತಾರೆ, ಮೇಲಿನವರು ಎಸ್ಟಿಮೇಟಿನಲ್ಲಿ ಇರುವುದು ಅನ್ನುತ್ತಾರೆ, ಎಸ್ಟಿಮೇಟು ಹೋದ ವರ್ಷದ್ದನ್ನೇ ನೋಡಿ ಬರೆದದ್ದು.

ಕಟರ್ ಕತ್ತರಿಸಿದ್ದು ಬೇರಿನಿಂದ ಮತ್ತೆ ಚಿಗುರುತ್ತದೆ, ಅಷ್ಟಾದರೂ ಸಮಾಧಾನ. ಹುಲ್ಲಿನ ಔಷಧಿ ಹೊಡೆದಲ್ಲಿ ಆ ಸಮಾಧಾನವೂ ಇಲ್ಲ. ತೋಟಕ್ಕೆ ಆಳು ಸಿಗುವುದಿಲ್ಲ, ಸಿಕ್ಕರೂ ಸಂಬಳ ಪೂರೈಸುವುದಿಲ್ಲ ಎಂಬ ಕಷ್ಟ ನನಗೂ ಗೊತ್ತು, ನಾನೂ ಅಡಿಕೆ ಮನೆಯವನೇ. ಆದರೆ ತೋಟದ ಒಳಗಿಗೆ ಹೊಡೆಯುವವರು ಕೈಗೆ ಸಿಕ್ಕ ಪಂಪು ಹಿಡಿದು ಬೇಲಿಗೆ, ಅಗಳಿಗೆ, ರಸ್ತೆ ಅಂಚಿಗೆ, ಕಡೆಗೆ ದೇವಸ್ಥಾನದ ಅಂಗಳಕ್ಕೂ ಹೊಡೆದು ಬರುತ್ತಾರಲ್ಲ, ಅದು ಯಾವ ಕಷ್ಟಕ್ಕೆ? 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಎಂಬ ಕಳೆನಾಶಕದ ಬಳಕೆಗೆ ನಿರ್ಬಂಧ ಹಾಕಿತು. ಪೆಸ್ಟ್ ಕಂಟ್ರೋಲ್ ಆಪರೇಟರುಗಳಲ್ಲದೆ ಬೇರೆ ಯಾರೂ ಸಿಂಪಡಿಸಬಾರದು ಅಂತ. ನಮ್ಮ ಊರುಗಳಲ್ಲಿ ಆ ಆಪರೇಟರನ್ನು ಕಂಡವರು ಯಾರಾದರೂ ಇದ್ದರೆ ಕೈ ಎತ್ತಿ. ಡಬ್ಬಿ ಮಾತ್ರ ಗೊಬ್ಬರದ ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಗುತ್ತದೆ.

ಮುಂಚೆ ಈ ಬಳ್ಳಿಗೆ ಒಂದು ರಕ್ಷಣೆ ಇತ್ತು, ಕಾಯ್ದೆಯದ್ದಲ್ಲ, ನಂಬಿಕೆಯದ್ದು. ಈಶ್ವರಿ ಬಳ್ಳಿ ಇದ್ದಲ್ಲಿ ಹಾವು ಬರುವುದಿಲ್ಲ ಅಂತ ಬೇಲಿಗೆ ಹಬ್ಬಿಸುತ್ತಿದ್ದರು, ಹಾವು ಕಚ್ಚಿದರೆ ಬೇರು ಅರೆದು ಕೊಡುತ್ತಿದ್ದರು. ಹಾವಿನ ವಿಷಕ್ಕೆ ಆಸ್ಪತ್ರೆಯ ಇಂಜೆಕ್ಷನ್ನೇ ಆಗಬೇಕು. ಅದೂ ಅಲ್ಲದೆ ಈ ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮನುಷ್ಯರ ಮೂತ್ರಪಿಂಡ ಕೆಡಿಸುವ, ಕ್ಯಾನ್ಸರ್ ತರುವ ವಸ್ತು. ಯಾರೂ ತಿನ್ನಬಾರದು. ಮೂಢನಂಬಿಕೆ ಹೋದದ್ದು ಒಳ್ಳೆಯದೇ ಆಯಿತು. ಆದರೆ ಅದರ ಜೊತೆಗೇ ಬಳ್ಳಿಯನ್ನೂ ಕಿತ್ತು ಹಾಕಿದೆವು. ಇನ್ನು ನಂಬಿಕೆ ಉಳಿದ ಕಡೆ ನಾಟಿ ಮದ್ದಿನ ವ್ಯಾಪಾರಕ್ಕೆ ಬುಡಸಮೇತ ಅಗೆಯುತ್ತಾರೆ. ಎರಡೂ ದಾರಿಯಲ್ಲಿ ಸೋತದ್ದು ಹುಳುವೇ.

ಈ ವಿಷದ ಕತೆಯಲ್ಲಿ ಇನ್ನೊಂದು ಮಜಲು ಇದೆ, ಚಿಟ್ಟೆ ಹಿಂದೆ ಬಿದ್ದವರನ್ನು ಹುಚ್ಚು ಹಿಡಿಸುವಂಥದ್ದು. ಬಳ್ಳಿಯ ವಿಷವನ್ನು ಹುಳು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ, ಚಿಟ್ಟೆಯಾದ ಮೇಲೂ ಅದು ಮೈಯಲ್ಲೇ ಉಳಿಯುತ್ತದೆ. ಬರ್ಡ್‌ವಿಂಗ್ ಮಾತ್ರವಲ್ಲ, ಕಾಮನ್ ರೋಸ್, ಕ್ರಿಮ್ಸನ್ ರೋಸ್, ನಮ್ಮ ಘಟ್ಟಗಳಲ್ಲೇ ಇರುವ ಮಲಬಾರ್ ರೋಸ್, ಎಲ್ಲವೂ ಇದೇ ಬಳ್ಳಿಯ ವಂಶದ ಅನ್ನ ತಿಂದವು. ಒಂದು ಸಲ ಬಾಯಿ ಹಾಕಿದ ಹಕ್ಕಿ ಮತ್ತೆ ಆ ಕೆಂಪು ಮೈಯ ತಂಟೆಗೆ ಹೋಗುವುದಿಲ್ಲ. ಇದನ್ನು ಬಂಡವಾಳ ಮಾಡಿಕೊಂಡದ್ದು ಕಾಮನ್ ಮಾರ್ಮನ್ ಚಿಟ್ಟೆಯ ಹೆಣ್ಣು. ಇದರ ಹುಳು ತಿನ್ನುವುದು ನಿಂಬೆ, ಕರಿಬೇವು. ಮೈಯಲ್ಲಿ ಆ ಬಳ್ಳಿಯ ವಿಷ ಇಲ್ಲ. ಆದರೆ ಹೆಣ್ಣುಗಳಲ್ಲಿ ಮೂರು ವೇಷ: ಒಂದು ಗಂಡಿನಂತೆಯೇ, ಒಂದು ಕಾಮನ್ ರೋಸಿನಂತೆ, ಇನ್ನೊಂದು ಕ್ರಿಮ್ಸನ್ ರೋಸಿನಂತೆ. ಫೋಟೋ ತೆಗೆಯುವ ಹೊಸಬರೆಲ್ಲ ಇಲ್ಲಿ ಮುಗ್ಗರಿಸುತ್ತಾರೆ. ಗುರುತು ಸುಲಭ: ಮೈ ಕೆಂಪಿದ್ದರೆ ರೋಸ್, ಮೈ ಕಪ್ಪಿದ್ದರೆ ವೇಷಗಾತಿ. ಈ ವೇಷವನ್ನೆಲ್ಲ ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ನಿಯಂತ್ರಿಸುತ್ತದೆ ಎಂದು 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಸಂಶೋಧನೆಯ ಮುಂದಾಳುಗಳಲ್ಲಿ ಒಬ್ಬರಾದ ಕೃಷ್ಣಮೇಘ್ ಕುಂಟೆ ಇಂದು ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯಲ್ಲಿದ್ದಾರೆ. ಈಗ ಯೋಚಿಸಿ. ಈಶ್ವರಿ ಬಳ್ಳಿ ಹೋದರೆ ರೋಸ್ ಹೋಗುತ್ತದೆ. ರೋಸ್ ಹೋದ ಊರಿನಲ್ಲಿ ಹಕ್ಕಿಗೆ ಪಾಠ ಕಲಿಸುವವರಿಲ್ಲ. ಪಾಠ ಕಲಿಯದ ಹಕ್ಕಿಯ ಮುಂದೆ ಮಾರ್ಮನ್ನಿನ ವೇಷಕ್ಕೆ ಬೆಲೆ ಇಲ್ಲ. ಬಳ್ಳಿಯನ್ನು ಮುಟ್ಟಿಯೂ ನೋಡದ ಚಿಟ್ಟೆಯ ರಕ್ಷಣೆಯೂ ಆ ಬಳ್ಳಿಯಲ್ಲಿಯೇ ಇತ್ತು. ಜಂಗಲ್ ಕಟಿಂಗ್ ಎಸ್ಟಿಮೇಟಿನಲ್ಲಿ ಇದಕ್ಕೆಲ್ಲ ಕಾಲಂ ಎಲ್ಲಿಂದ ಬರಬೇಕು!

ಕಾಯ್ದೆ ಏನು ಮಾಡುತ್ತಿದೆ ಅಂತ ಕೇಳುವವರಿಗೆ: ಕಾಯ್ದೆ ಬಹಳ ಚೆನ್ನಾಗಿದೆ, ಕಾಗದದ ಮೇಲೆ. ಕ್ರಿಮ್ಸನ್ ರೋಸನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿ, ಆನೆಗಳ ಪಂಕ್ತಿಯಲ್ಲೇ ದಶಕಗಳ ಕಾಲ ಕೂರಿಸಿದ್ದರು. ನಮ್ಮ ಬರ್ಡ್‌ವಿಂಗಿನ ಇಡೀ ಕುಲ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ, ಪರವಾನಗಿ ಇಲ್ಲದೆ ಸತ್ತ ಚಿಟ್ಟೆಯೂ ಗಡಿ ದಾಟುವಂತಿಲ್ಲ. ವನ್ಯಜೀವಿ ಕಾಯ್ದೆಯ ಪ್ರಕಾರ ಪ್ರಾಣಿ ಅಂದರೆ ಅದರ ಮರಿ, ಮೊಟ್ಟೆ ಎಲ್ಲ ಸೇರಿದ್ದು. ಸರಿ. ಬಲೆ ಹಿಡಿದು ಒಂದು ಕ್ರಿಮ್ಸನ್ ರೋಸ್ ಹಿಡಿದವನ ಮೇಲೆ ಕೇಸು ಹಾಕಬಹುದಿತ್ತು. ಮೊಟ್ಟೆ, ಹುಳು, ಕೋಶ ಎಲ್ಲ ಸಮೇತ ಬಳ್ಳಿಯ ಹಬ್ಬನ್ನೇ ಕೊಚ್ಚಿ ಚರಂಡಿಗೆ ಹಾಕಿದವರಿಗೆ? ಬಿಲ್ ಪಾಸಾಗುತ್ತದೆ.

ಮರಗಳ ವಿಷಯದಲ್ಲಾದರೂ ನಮ್ಮಲ್ಲಿ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಇದೆ. 50ಕ್ಕಿಂತ ಹೆಚ್ಚು ಮರ ಉರುಳಿಸುವುದಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಟೇಪು ಹಿಡಿದು ಎದೆಮಟ್ಟದಲ್ಲಿ ಸುತ್ತಳತೆ ತೆಗೆದು, ಬಣ್ಣದಲ್ಲಿ ನಂಬರ್ ಬರೆದು, ಲೆಕ್ಕ ಇಡುತ್ತಾರೆ. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನೇ ನೋಡಿ. 2,000 ಮೆಗಾವ್ಯಾಟ್ ವಿದ್ಯುತ್ತು, ಸುಮಾರು 54 ಹೆಕ್ಟೇರ್ ಕಾಡು, ಹದಿನೈದು ಸಾವಿರಕ್ಕೂ ಹೆಚ್ಚು ಮರ ಅಂತ ಲೆಕ್ಕ ಹೊರಬಂತು. ಪರ ಮಾತಾಡುವವರ ಬಾಯಲ್ಲೂ ಅದೇ ಸಂಖ್ಯೆ, ವಿರೋಧಿಸುವವರ ಘೋಷಣೆಯಲ್ಲೂ ಅದೇ ಸಂಖ್ಯೆ. ಮರಕ್ಕೆ ಸುತ್ತಿದ ಬಳ್ಳಿ ಎಷ್ಟು, ನೆರಳಿನ ಪೊದೆ ಯಾವುದು, ಅದರ ಮೇಲೆ ಬದುಕು ಕಟ್ಟಿಕೊಂಡ ಜೀವ ಯಾವುದು ಅಂತ ಜಗಳದಲ್ಲೂ ಯಾರೂ ಕೇಳುವುದಿಲ್ಲ. ಟೇಪಿಗೆ ಸಿಗದ್ದು ಕಾಡೇ ಅಲ್ಲ ಎಂಬಂತಾಗಿದೆ. ಹೋದ ಮರಕ್ಕೆ ಬದಲು ಮರ ನೆಟ್ಟೆವು ಅಂತ ಅಕೇಶಿಯಾ ನೆಡುತ್ತಾರೆ. ಭದ್ರಾವತಿಯ ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷಕ್ಕೆ ಅಂತ ಕೊಟ್ಟ ಇಪ್ಪತ್ತು ಸಾವಿರ ಹೆಕ್ಟೇರಿಗೂ ಮಿಕ್ಕಿದ ನೆಡುತೋಪಿನ ಜಾಗವನ್ನು, ಕಾರ್ಖಾನೆಯೇ ನಿಂತು ವರ್ಷಗಳಾದ ಮೇಲೂ, 2020ರಲ್ಲಿ ಮತ್ತೆ 40 ವರ್ಷಕ್ಕೆ ಮುಂದುವರಿಸಿದ ಸರ್ಕಾರ ನಮ್ಮದು. ಅಕೇಶಿಯಾ ತೋಪಿನೊಳಗೆ ಒಮ್ಮೆ ನಡೆದು ಬನ್ನಿ. ಕೆಳಗೆ ಒಣಗಿದ ಎಲೆಯ ಹಾಸು, ಮೇಲೆ ಸಾಲು ಕಾಂಡ. ಕ್ಯಾಮೆರಾವನ್ನು ಬ್ಯಾಗಿನಿಂದ ತೆಗೆಯುವ ಕೆಲಸವೇ ಬರುವುದಿಲ್ಲ.

ಜುಮ್ಮನಕಾಯಿ ಮರದ್ದೂ ಈಶ್ವರಿ ಬಳ್ಳಿಯದೇ ಪಾಡು. ಕರಾವಳಿಯಲ್ಲಿ ಮೀನು ಸಾರಿಗೆ ಹಾಕುವ, ನಾಲಿಗೆ ಜುಮ್ಮೆನ್ನಿಸುವ ಆ ಕಾಯಿಯ ಮರದ ಮೇಲೆ ಮಲಬಾರ್ ಬ್ಯಾಂಡೆಡ್ ಪೀಕಾಕ್ ಮೊಟ್ಟೆ ಇಡುತ್ತದೆ. ಮೈತುಂಬ ಮುಳ್ಳಿರುವ ಮರ, ಅಂಗಳದಲ್ಲಿ ಬೇಡ ಅಂತ ಕಡಿಸುತ್ತಾರೆ, ಕಾಯಿಯನ್ನು ಪೇಟೆಯಿಂದ ಪ್ಯಾಕೆಟ್ಟಿನಲ್ಲಿ ತರುತ್ತಾರೆ.

ಈಗ ನಮ್ಮ ಜಾತಿಯವರ ಕಡೆಗೆ ಬರುತ್ತೇನೆ. ಕ್ಯಾಮೆರಾ ಜಾತಿ. ಇಲಾಖೆಗೆ ಬೈಯುವುದು ಸುಲಭ, ತಿರುಗಿ ಬೈಯುವುದಿಲ್ಲ. ನಮ್ಮವರಿಗೆ ಬೈದರೆ ವಾಟ್ಸಾಪ್ ಗುಂಪಿನಿಂದ ಹೊರಗೆ ಹಾಕುತ್ತಾರೆ. ಹಾಕಲಿ.

ಬೇಸಿಗೆಯಲ್ಲಿ ಘಟ್ಟದ ಹಳ್ಳಗಳ ಅಂಚಿನ ಒದ್ದೆ ಮರಳಿನ ಮೇಲೆ ಸ್ವಾಲೋಟೇಲುಗಳು ಗುಂಪು ಕೂರುವುದನ್ನು ನೋಡಬೇಕು. ಕಾಮನ್ ಬ್ಲೂಬಾಟಲ್, ಕಾಮನ್ ಜೇ, ಬಾಲ ಉದ್ದ ಇಳಿಬಿಟ್ಟ ಫೈವ್‌ಬಾರ್ ಸ್ವೋರ್ಡ್‌ಟೇಲ್, ನಡುನಡುವೆ ಒಂದು ಪ್ಯಾರಿಸ್ ಪೀಕಾಕ್. ಬಹುಪಾಲು ಎಲ್ಲ ಗಂಡುಗಳೇ. ಮರಳಿನ ನೀರಿನಲ್ಲಿರುವ ಉಪ್ಪಿನಂಶ ಅವಕ್ಕೆ ಬೇಕು. ಹೀರಿದ್ದರಲ್ಲಿ ಒಂದು ಪಾಲನ್ನು ಕೂಡುವಾಗ ಹೆಣ್ಣಿಗೆ ದಾಟಿಸುತ್ತವೆ, ಅದು ಮೊಟ್ಟೆಗೆ ಹೋಗುತ್ತದೆ. ಮೈಮರೆತು ಕುಡಿಯುವ ಹೊತ್ತು. ಹೊಟ್ಟೆಯ ಮೇಲೆ ತೆವಳಿ ಹೋದರೆ ಮೊಳದ ದೂರಕ್ಕೆ ಬಿಟ್ಟುಕೊಳ್ಳುತ್ತವೆ, ಮ್ಯಾಕ್ರೋ ಲೆನ್ಸಿನಲ್ಲಿ ರೆಕ್ಕೆಯ ಒಂದೊಂದು ಹುರುಪೆಯೂ ಎಣಿಸುವಷ್ಟು ಸ್ಪಷ್ಟ ಬರುತ್ತದೆ. ಇಷ್ಟು ಕೊಡುವ ಜಾಗಕ್ಕೆ ನಾವು ಕೊಡುವುದೇನು? ಹಳ್ಳದೊಳಗೇ ಜೀಪ್ ಇಳಿಸುವುದನ್ನು ಆಫ್‌ರೋಡ್ ಸಾಹಸ ಅನ್ನುತ್ತಾರೆ. ಚಿಟ್ಟೆ ಕೂತ ಮರಳು ಟೈರಿನ ಕೆಳಗೆ, ನೀರಿನ ಮೇಲೆ ಡೀಸೆಲ್ಲಿನ ಬಣ್ಣ. ಇನ್ನು ಕೆಲವರು ಹಾರುವ ಶಾಟ್ ಬೇಕು ಅಂತ ಗುಂಪಿನ ಮೇಲೆ ಕಲ್ಲೆಸೆದು ಎಬ್ಬಿಸುತ್ತಾರೆ. ಹಿನ್ನೆಲೆ ‘ಕ್ಲೀನ್’ ಬರಲಿ ಅಂತ ಸುತ್ತಲಿನ ಗಿಡ ಕಿತ್ತು ಬಿಸಾಡುವುದಂತೂ ಮಾಮೂಲು. ನೋಡಿ, ಇಲ್ಲೂ ಅದೇ ಕ್ಲೀನ್. ಕಟರ್ ಹಿಡಿದ ಹುಡುಗನಿಗೆ ಬಿಲ್ಲಿನ ಫೋಟೋ ಕ್ಲೀನ್ ಬರಬೇಕು, ನಮಗೆ ಸ್ಪರ್ಧೆಯ ಫೋಟೋ ಕ್ಲೀನ್ ಬರಬೇಕು. ಅವನಿಗಾದರೂ ಹೊಟ್ಟೆಪಾಡು.

ಎಲ್ಲಕ್ಕಿಂತ ಅಸಹ್ಯದ್ದು ಫ್ರಿಜ್ಜಿನ ವಿದ್ಯೆ. ಚಿಟ್ಟೆ ಹಿಡಿದು ಡಬ್ಬಿಯಲ್ಲಿ ಹಾಕಿ ತಣ್ಣಗೆ ಇಟ್ಟರೆ ಮೈ ಮರಗಟ್ಟಿ ಅಲ್ಲಾಡದೆ ಕೂರುತ್ತದೆ. ಬೇಕಾದ ಹೂವಿನ ಮೇಲಿಟ್ಟು, ಸ್ಪ್ರೇಯಿಂದ ಇಬ್ಬನಿ ಹೊಡೆದು, ನಿಧಾನ ಹತ್ತಿಪ್ಪತ್ತು ಫೋಟೋ ತೆಗೆದು, ಕೆಳಗೆ ‘ಪ್ರಕೃತಿಯ ಮಡಿಲಲ್ಲಿ’ ಅಂತ ಬರೆಯುವ ಜನ ಇದ್ದಾರೆ. ಚಿಟ್ಟೆ ಬಿಸಿಲಿಲ್ಲದ ಹೊತ್ತಿನಲ್ಲಿ ರೆಕ್ಕೆ ಅಗಲ ಬಿಚ್ಚಿ, ಕಾಲು ಹೂವಿಗೆ ಹಿಡಿಯದೆ ಸುಮ್ಮನೆ ಇಟ್ಟಂತೆ ಕೂತಿದ್ದರೆ ಅನುಮಾನ ಪಡಿ. ತೀರ್ಪುಗಾರರೇ, ನಿಮಗೂ ಹೇಳುತ್ತಿದ್ದೇನೆ. ಅಂಥ ಚಿತ್ರಕ್ಕೆ ಪದಕ ಕೊಡುವವರೆಗೂ ಫ್ರಿಜ್ಜಿನ ಬಾಗಿಲು ತೆರೆಯುತ್ತಲೇ ಇರುತ್ತದೆ.

ಇಷ್ಟು ಕೆಟ್ಟದ್ದೇನೂ ಮಾಡದ ಸಜ್ಜನ ಛಾಯಾಗ್ರಾಹಕರ ಮೇಲೂ ನನ್ನದೊಂದು ದೂರಿದೆ. ಅಪರೂಪದ ಚಿಟ್ಟೆ ಸಿಕ್ಕಿದ ದಿನ ಜಾತಿಯ ಹೆಸರು, ಲೆನ್ಸು, ಐಎಸ್‌ಓ ಎಲ್ಲ ಬರೆಯುತ್ತಾರೆ. ಅದು ಕೂತಿದ್ದ ಗಿಡದ ಹೆಸರು ಕೇಳಿದರೆ ಗೊತ್ತಿಲ್ಲ. ಸಾವಿರಾರು ಬರ್ಡ್‌ವಿಂಗ್ ಫೋಟೋ ನಮ್ಮ ಹಾರ್ಡ್ ಡಿಸ್ಕುಗಳಲ್ಲಿವೆ, ಈಶ್ವರಿ ಬಳ್ಳಿಯದ್ದು ತೋರಿಸಿ ಅಂದರೆ ಹುಡುಕಬೇಕು. ಒಣಗಿ ಬಿರಿದ ಅದರ ಕಾಯಿ ಬಳ್ಳಿಯಿಂದ ಪುಟ್ಟ ತೊಟ್ಟಿಲಿನಂತೆ ನೇತಾಡುತ್ತದೆ, ಅಷ್ಟು ಚೆಂದದ ವಸ್ತುವಿಗೂ ಲೆನ್ಸ್ ತಿರುಗುವುದಿಲ್ಲ. ದರೆ ಬೋಳಾದ ಮೇಲೆ ‘ಈ ವರ್ಷ ಬರ್ಡ್‌ವಿಂಗ್ ಯಾಕೋ ಕಮ್ಮಿ’ ಅಂತ ಗೊಣಗಿ ಬೇರೆ ಘಟ್ಟಕ್ಕೆ ಹೋಗುತ್ತೇವೆ. ಇದಕ್ಕೆ ಪರಿಸರಪ್ರೇಮ ಅಂತ ಹೆಸರು.

ಪೇಟೆಯವರು ತಮಗೂ ಇದಕ್ಕೂ ಸಂಬಂಧವಿಲ್ಲ ಅಂದುಕೊಳ್ಳಬೇಡಿ. ಬೆಂಗಳೂರಿನ ಬಾಲ್ಕನಿಯ ಕರಿಬೇವಿನ ಕುಂಡಕ್ಕೂ, ನಿಂಬೆ ಗಿಡಕ್ಕೂ ಸ್ವಾಲೋಟೇಲ್ ಬರುತ್ತದೆ. ಎಳೆ ಹುಳು ಹಕ್ಕಿ ಹಿಕ್ಕೆಯ ಹಾಗೆ ಕಾಣುತ್ತದೆ, ಬಲಿತ ಮೇಲೆ ಹಸಿರು. ‘ಗಿಡಕ್ಕೆ ಹುಳ ಬಿದ್ದಿದೆ’ ಅಂತ ಔಷಧಿ ಹೊಡೆದು, ಆ ಎಲೆಯನ್ನೇ ಒಗ್ಗರಣೆಗೆ ಹಾಕಿ, ಭಾನುವಾರ ಮಕ್ಕಳನ್ನು ಕರೆದುಕೊಂಡು ಬನ್ನೇರುಘಟ್ಟದ ಚಿಟ್ಟೆ ಪಾರ್ಕಿನ ಗುಮ್ಮಟದೊಳಗೆ ಚಿಟ್ಟೆ ತೋರಿಸಲು ಟಿಕೆಟ್ ಕೊಳ್ಳುವುದು. ಎರಡು ಕೊಂಬೆ ಎಲೆ ಹುಳುವಿಗೆ ಬಿಟ್ಟುಕೊಟ್ಟರೆ ಗಿಡ ಸಾಯುವುದಿಲ್ಲ ಸ್ವಾಮಿ, ಮತ್ತೆ ಚಿಗುರುತ್ತದೆ.

ಹುಳುವಿಗೆ ಅನ್ನ ಉಳಿಸುವುದು ಆಗದ ಕೆಲಸವೇನಲ್ಲ, ಮಾಡಿದವರಿದ್ದಾರೆ. ಮೂಡುಬಿದಿರೆ ಹತ್ತಿರದ ಬೆಳ್ವಾಯಿಯಲ್ಲಿ ಸಮ್ಮಿಲನ್ ಶೆಟ್ಟಿ ಅವರು ಖಾಸಗಿ ಜಾಗದಲ್ಲಿ ಚಿಟ್ಟೆ ಪಾರ್ಕ್ ಮಾಡಿದ್ದಾರೆ. ಗುಮ್ಮಟವಿಲ್ಲ, ಬಲೆ ಇಲ್ಲ. ಹುಳುವಿಗೆ ಬೇಕಾದ ಗಿಡ ಬಳ್ಳಿ ಬೆಳೆಸಿದರು, ಚಿಟ್ಟೆ ತಾನೇ ಬಂತು. ಆಸ್ಟ್ರೇಲಿಯದ ಪೂರ್ವ ಕರಾವಳಿಯಲ್ಲಿ ನಮ್ಮ ಬರ್ಡ್‌ವಿಂಗಿನ ಸೋದರ ಸಂಬಂಧಿ ರಿಚ್ಮಂಡ್ ಬರ್ಡ್‌ವಿಂಗ್ ಇದೆ. ಅದರ ಹುಳುವಿಗೂ ಇದೇ ವಂಶದ ಬಳ್ಳಿ ಬೇಕು. ಕಾಡು ಕಡಿದು ಊರು ಬೆಳೆದಾಗ ಅದು ಬ್ರಿಸ್ಬೇನ್ ಸುತ್ತಮುತ್ತ ಕಾಣೆಯಾಗುತ್ತ ಬಂತು. ಸಾಲದ್ದಕ್ಕೆ ಮನೆಮನೆಯಲ್ಲೂ ಅಲಂಕಾರಕ್ಕೆ ಅಂತ ದಕ್ಷಿಣ ಅಮೆರಿಕದ ಒಂದು ಅರಿಸ್ಟೊಲೋಕಿಯ ಬಳ್ಳಿ ನೆಟ್ಟರು. ಹೆಣ್ಣು ಚಿಟ್ಟೆ ತನ್ನದೇ ಬಳ್ಳಿ ಅಂದುಕೊಂಡು ಅದರ ಮೇಲೆ ಮೊಟ್ಟೆ ಇಡುತ್ತಿತ್ತು, ಎಲೆ ತಿಂದ ಹುಳು ವಿಷವೇರಿ ಸಾಯುತ್ತಿತ್ತು. 1990ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಶಾಲೆ ಮಕ್ಕಳನ್ನು ಕಟ್ಟಿಕೊಂಡು ಅಂಗಳ ಅಂಗಳದಲ್ಲಿ ಅಲ್ಲಿನದೇ ಬಳ್ಳಿ ನೆಡಿಸಿದರು, ಪರದೇಶದ್ದನ್ನು ಕೀಳಿಸಿದರು. ಆ ಚಿಟ್ಟೆ ಅಲ್ಲಿ ರಾಜ್ಯದ ಲಾಂಛನವೂ ಆಗಿರಲಿಲ್ಲ. ನಮ್ಮ ನರ್ಸರಿಗಳಲ್ಲಿ ಇವತ್ತು ಅಂಥ ಪರದೇಶದ ಬಳ್ಳಿಗಳು ಧಾರಾಳ ಸಿಗುತ್ತವೆ, ಮೊರದಗಲದ ಹೂ ಬಿಡುವವು ಕೂಡ. ಈಶ್ವರಿ ಬಳ್ಳಿ ಇದೆಯಾ ಅಂತ ಕೇಳಿ ನೋಡಿ, ಮುಖ ನೋಡುತ್ತಾರೆ.

ಹಾಗಾಗಿ ಕೇಳಬೇಕಾದ್ದನ್ನು ಈಗಲೇ ಕೇಳಬೇಕು, ಬಾಯಿಮಾತಿನಲ್ಲಿ ಅಲ್ಲ, ಅರ್ಜಿಯಲ್ಲಿ. ರಸ್ತೆ ತಿರುವು ಬಿಟ್ಟು ಉಳಿದ ದರೆಗೆ ಕಟರ್ ಹಚ್ಚಬಾರದು, ಹಚ್ಚಲೇಬೇಕಾದರೆ ಒಂದು ವರ್ಷ ಒಂದು ಬದಿ, ಇನ್ನೊಂದು ವರ್ಷ ಇನ್ನೊಂದು ಬದಿ, ಅದೂ ಮೊಟ್ಟೆಯ ಕಾಲ ಮುಗಿದ ಮೇಲೆ ಅಂತ ಎಸ್ಟಿಮೇಟಿನಲ್ಲೇ ಬರೆಸಬೇಕು. ಇದಕ್ಕೆ ಒಂದು ರೂಪಾಯಿ ಹೆಚ್ಚು ಖರ್ಚಿಲ್ಲ, ಉಳಿತಾಯವೇ. ಸಾರ್ವಜನಿಕ ಜಾಗದಲ್ಲಿ ಕಳೆನಾಶಕ ಪೂರ್ತಿ ನಿಲ್ಲಬೇಕು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ತೇಗ, ಅಕೇಶಿಯಾಗಳ ಪಕ್ಕ ಈಶ್ವರಿ ಬಳ್ಳಿಯ ಸಸಿಯೂ ಸಿಗಬೇಕು. ರಾಜ್ಯ ಚಿಟ್ಟೆ ಅಂತ ಘೋಷಿಸಿದವರು ಅದರ ಅನ್ನದ ಬಳ್ಳಿಗೂ ರಕ್ಷಣೆ ಘೋಷಿಸಬೇಕು, ಇಲ್ಲವಾದರೆ ಬಿರುದು ವಾಪಸು ಪಡೆಯಲಿ.

ಓದುವವರಲ್ಲಿ ನನ್ನದೊಂದು ಕೋರಿಕೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ, ಮರ, ಪ್ರಾಣಿಗಳ ದಾಖಲಾತಿ ಇಟ್ಟಿರಬೇಕು. ನಿಮ್ಮ ಪಂಚಾಯ್ತಿಗೆ ಹೋಗಿ. ಸಮಿತಿಯ ಅಧ್ಯಕ್ಷರು ಯಾರು, ದಾಖಲಾತಿ ಎಲ್ಲಿದೆ, ಅದರಲ್ಲಿ ಈಶ್ವರಿ ಬಳ್ಳಿ ಇದೆಯೇ, ಊರಿನ ಯಾವ ಯಾವ ದರೆಯಲ್ಲಿದೆ ಅಂತ ಕೇಳಿ. ಇಲ್ಲದಿದ್ದರೆ ನಿಮ್ಮ ಕ್ಯಾಮೆರಾದಲ್ಲಿ ತೆಗೆದ ಬಳ್ಳಿಯ ಫೋಟೋ, ಜಾಗದ ಗುರುತಿನ ಸಮೇತ, ಅರ್ಜಿಯ ಜೊತೆ ಲಗತ್ತಿಸಿ ಕೊಡಿ. ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಮುಂದಿನ ಜಂಗಲ್ ಕಟಿಂಗ್ ಟೆಂಡರ್ ಕರೆಯುವ ಮೊದಲೇ ಕೊಡಿ.